ಸೇವಾದಳದ ಶಿಲ್ಪಿ ಡಾ. ನಾ. ಸು. ಹರ್ಡೀಕರ

ಮಳೆಗಾಲದಲ್ಲಿ ಮೊರೆದು ಹರಿಯುವ ಹಳ್ಳಕ್ಕೂ ವರ್ಷವಿಡೀ ನೀರುಣಿಸುವ ಬಾವಿಗೂ ಇರುವ ಅಂತರವನ್ನು ಬಯಲುಸೀಮೆಯ ಒಕ್ಕಲಿಗನಿಗೆ ಯಾರೂ ತಿಳಿಸಿಕೊಡಬೇಕಾಗಿಲ್ಲ. ಹಳ್ಳ ಬಂದಾಗ ಊರೆಲ್ಲ ದಂಡೆಗೆ ಓಡಿ ನೋಡುತ್ತದೆ. ನಾಲ್ಕು ದಿನ ಕಳೆದರೆ ಅಲ್ಲಿ ಉಸುಕು ಮಾತ್ರ ಉಳಿಯುತ್ತದೆ. ಬಾವಿ ತೋಡುವಾಗ ನೋಡಲು ಬರುವವರು ವಿರಳ. ಕಲ್ಲು ಒಡೆದು, ಮಣ್ಣು ಹೊತ್ತು, ಬೆವರು ಸುರಿಸಿದ ಮೇಲೆ ಕಂಡ ನೀರು ತೋಡಿದವನ ಮೊಮ್ಮಕ್ಕಳ ಕಾಲಕ್ಕೂ ಬತ್ತುವುದಿಲ್ಲ. ಸಾರ್ವಜನಿಕ ಜೀವನದಲ್ಲಿಯೂ ಈ ಎರಡು ಬಗೆಗಳುಂಟು. ಚುನಾವಣೆ ಬಂದಾಗ ಮನೆಮನೆಯ ಬಾಗಿಲಿಗೆ ಬಂದು ಕೈಮುಗಿದು, ಅದು ಮುಗಿದೊಡನೆ ಕಣ್ಮರೆಯಾಗುವುದು ಒಂದು ಬಗೆ. ಮತದ ಮಾತೆತ್ತದೆ, ಫಲದ ಲೆಕ್ಕವಿಡದೆ, ಜನರ ನಡುವೆ ನಿತ್ಯವೂ ಇದ್ದು ಅವರನ್ನು ಒಂದುಗೂಡಿಸುವುದು ಇನ್ನೊಂದು ಬಗೆ. ಈ ಎರಡನೆಯ ಬಗೆಯ ಕಾರ್ಯಕ್ಕೆ ತಮ್ಮ ಆಯುಷ್ಯವನ್ನು ಸವೆಯಿಸಿದ ಮಹನೀಯರಲ್ಲಿ ಹುಬ್ಬಳ್ಳಿಯ ಡಾಕ್ಟರ್ ನಾರಾಯಣ ಸುಬ್ಬರಾವ ಹರ್ಡೀಕರರು ಅಗ್ರಗಣ್ಯರು.

ಹರ್ಡೀಕರರು ಜನಿಸಿದ್ದು 1889ನೆಯ ಇಸವಿಯ ಮೇ 7ರಂದು. ಆಗಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು ಹೆಸರಿಗೆ ಒಂದು ಪ್ರಾಂತದಲ್ಲಿದ್ದರೂ ಆಡಳಿತದ ಭಾಷೆ, ಶಿಕ್ಷಣದ ಅನುಕೂಲ, ಅಧಿಕಾರದ ಸಾಮೀಪ್ಯ ಈ ಮೂರರಲ್ಲಿಯೂ ಹಿಂದುಳಿದಿದ್ದವು. ಲೋಕಮಾನ್ಯ ತಿಲಕರ ವಾಣಿ ಈ ಭಾಗದ ತರುಣರ ಕಿವಿಗೆ ಬಿದ್ದು, ಸ್ವದೇಶಿ, ಬಹಿಷ್ಕಾರ, ರಾಷ್ಟ್ರೀಯ ಶಿಕ್ಷಣ ಎಂಬ ಹೊಸ ಮಾತುಗಳು ಪೇಟೆಗಳಲ್ಲಿ ಕೇಳಿಬರತೊಡಗಿದ ಕಾಲವದು. ಆ ಗಾಳಿಯಲ್ಲಿ ಬೆಳೆದ ಬಾಲಕ ನಾರಾಯಣನಿಗೆ ವಿದ್ಯೆಯೆಂದರೆ ನೌಕರಿಗೆ ಹತ್ತುವ ಮೆಟ್ಟಿಲಾಗಿ ಕಾಣಲಿಲ್ಲ. ವೈದ್ಯಕೀಯವನ್ನು ಕಲಿಯಬೇಕೆಂಬ ಹಂಬಲದಿಂದ ಅವರು ದೂರದ ಕಲಕತ್ತೆಗೆ ಹೋದರು. ವಂಗಭಂಗದ ಚಳವಳಿಯ ಬಿಸಿ ಇನ್ನೂ ಆರದಿದ್ದ ಆ ನಗರವು ಅವರಿಗೆ ವೈದ್ಯಶಾಸ್ತ್ರದೊಡನೆ ದೇಶಭಕ್ತಿಯ ದೀಕ್ಷೆಯನ್ನೂ ನೀಡಿತು.

ಅಲ್ಲಿಂದ ಮುಂದೆ ಅವರು ಸಮುದ್ರವನ್ನು ದಾಟಿ ಅಮೆರಿಕೆಗೆ ತೆರಳಿ, ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯ ಶಾಸ್ತ್ರವನ್ನು ಅಭ್ಯಾಸ ಮಾಡಿದರು. ಈ ವಿಷಯದ ಆಯ್ಕೆಯೇ ಅವರ ಮುಂದಿನ ಜೀವನದ ಸೂಚನೆಯಂತಿದೆ. ರೋಗಿಯೊಬ್ಬನ ನಾಡಿ ಹಿಡಿದು ಔಷಧ ಕೊಡುವುದು ವೈದ್ಯನ ಧರ್ಮ. ಊರಿನ ನೀರು, ಗಾಳಿ, ಚರಂಡಿಗಳನ್ನು ನೋಡಿ ರೋಗವೇ ಬಾರದಂತೆ ತಡೆಯುವುದು ಸಾರ್ವಜನಿಕ ಆರೋಗ್ಯದ ಮಾರ್ಗ. ಅದು ಒಬ್ಬನಿಂದ ಆಗುವ ಕೆಲಸವಲ್ಲ, ಊರಿಗೆ ಊರೇ ಕೂಡಿ ಮಾಡಬೇಕಾದ ಕೆಲಸ. ದೇಶಕ್ಕೆ ಹಿಡಿದ ದಾಸ್ಯವೆಂಬ ರೋಗಕ್ಕೂ ಇದೇ ಮದ್ದೆಂಬುದನ್ನು ಹರ್ಡೀಕರರು ಮುಂದೆ ತಮ್ಮ ಕೃತಿಯಿಂದ ತೋರಿದರು.

ಮೊದಲನೆಯ ಮಹಾಯುದ್ಧದ ಆ ವರ್ಷಗಳಲ್ಲಿ ಪಂಜಾಬದ ಕೇಸರಿಯೆನಿಸಿದ ಲಾಲಾ ಲಜಪತರಾಯರು ಅಮೆರಿಕೆಯಲ್ಲಿಯೇ ಉಳಿಯಬೇಕಾಗಿತ್ತು. 1917ರಲ್ಲಿ ಅವರು ನ್ಯೂಯಾರ್ಕ್ ನಗರದಲ್ಲಿ ಇಂಡಿಯಾ ಹೋಮ್ ರೂಲ್ ಲೀಗನ್ನು ಸ್ಥಾಪಿಸಿದಾಗ ಅವರ ಬಲಗೈಯಾಗಿ ನಿಂತವರು ಹರ್ಡೀಕರರು. ಮುಂದಿನ ವರ್ಷದಿಂದ ‘ಯಂಗ್ ಇಂಡಿಯಾ’ ಎಂಬ ಮಾಸಪತ್ರಿಕೆ ಅಲ್ಲಿಂದ ಹೊರಟಿತು. ತರುಣ ವೈದ್ಯರು ಊರಿಂದೂರಿಗೆ ತಿರುಗಿ ಭಾಷಣ ಮಾಡಿದರು, ಸದಸ್ಯರನ್ನು ಕೂಡಿಸಿದರು, ಕರಪತ್ರಗಳನ್ನು ಹಂಚಿದರು. ಅಪರಿಚಿತರ ನಾಡಿನಲ್ಲಿ, ತಮ್ಮ ದೇಶದ ಹೆಸರನ್ನೇ ಸರಿಯಾಗಿ ಕೇಳದ ಜನರ ಮುಂದೆ ನಿಂತು, ಒಬ್ಬೊಬ್ಬರನ್ನಾಗಿ ತಮ್ಮ ಕಡೆಗೆ ಒಲಿಸಿಕೊಳ್ಳುವ ಈ ಕಾರ್ಯವು ಅವರಿಗೆ ಸಂಘಟನೆಯ ಪಾಠಶಾಲೆಯಾಯಿತು. ಪತ್ರವ್ಯವಹಾರದಲ್ಲಿ ಚೊಕ್ಕತನ, ಲೆಕ್ಕದಲ್ಲಿ ಪ್ರಾಮಾಣಿಕತೆ, ಸಮಯಪಾಲನೆಯಲ್ಲಿ ಕಟ್ಟುನಿಟ್ಟು ಇವಿಲ್ಲದೆ ಯಾವ ಸಂಸ್ಥೆಯೂ ನಿಲ್ಲದೆಂಬ ಅರಿವು ಅಲ್ಲಿ ಬಲಿಯಿತು.

1921ರಲ್ಲಿ ಹರ್ಡೀಕರರು ಸ್ವದೇಶಕ್ಕೆ ಮರಳಿದರು. ವಿದೇಶದ ಪದವಿಯನ್ನು ಪಡೆದ ವೈದ್ಯರಿಗೆ ಮುಂಬಯಿಯಲ್ಲಿಯೋ ಪುಣೆಯಲ್ಲಿಯೋ ದವಾಖಾನೆ ತೆರೆದು ಸಂಪತ್ತನ್ನು ಗಳಿಸುವುದು ಕಠಿಣವಾಗಿರಲಿಲ್ಲ. ಆದರೆ ಅವರು ಆರಿಸಿಕೊಂಡದ್ದು ಹುಬ್ಬಳ್ಳಿಯನ್ನು. ಆಗ ಅಸಹಕಾರದ ಚಳವಳಿ ಕನ್ನಡ ನಾಡಿನಲ್ಲಿ ಭರದಿಂದ ಸಾಗಿತ್ತು. ಅದೇ ವರ್ಷದ ಜುಲೈ 1ರಂದು ಧಾರವಾಡದಲ್ಲಿ ಸೆರೆಯಂಗಡಿಯ ಎದುರು ನಡೆದ ಪಿಕೆಟಿಂಗ್ ಸಂದರ್ಭದಲ್ಲಿ ಪೊಲೀಸರು ಗುಂಡು ಹಾರಿಸಿ ಮೂವರು ಪ್ರಾಣ ತೆತ್ತರು. ಇಡಿಯ ಕರ್ನಾಟಕವನ್ನು ತಲ್ಲಣಗೊಳಿಸಿದ ಈ ಘಟನೆ ವಿಚಾರವಂತರ ಮುಂದೆ ಒಂದು ಪ್ರಶ್ನೆಯನ್ನಿಟ್ಟಿತು. ಜನರಲ್ಲಿ ಉತ್ಸಾಹವಿದೆ, ತ್ಯಾಗಕ್ಕೆ ಸಿದ್ಧತೆಯಿದೆ. ಆದರೆ ನೂರಾರು ಜನ ಒಂದೆಡೆ ನೆರೆದಾಗ ಅವರನ್ನು ಶಾಂತವಾಗಿ ನಿಲ್ಲಿಸುವವರಾರು? ಗಾಯಗೊಂಡವರನ್ನು ಎತ್ತುವವರಾರು? ಮುಂದಾಳುಗಳು ಸೆರೆಮನೆ ಸೇರಿದ ಮರುದಿನ ಕಾರ್ಯವನ್ನು ನಡೆಸುವವರಾರು? ಮರುವರ್ಷ ಚೌರಿಚೌರಾದ ಹಿಂಸೆಯ ಕಾರಣದಿಂದ ಮಹಾತ್ಮರು ಚಳವಳಿಯನ್ನೇ ನಿಲ್ಲಿಸಿದಾಗ ಈ ಪ್ರಶ್ನೆ ದೇಶಕ್ಕೆ ದೇಶವೇ ಉತ್ತರಿಸಬೇಕಾದ ಪ್ರಶ್ನೆಯಾಯಿತು.

ಹರ್ಡೀಕರರು ಅದಕ್ಕೆ ಉತ್ತರವನ್ನು ಹುಬ್ಬಳ್ಳಿಯ ಓಣಿಗಳಲ್ಲಿಯೇ ಹುಡುಕಿದರು. ತರುಣರನ್ನು ಕೂಡಿಸಿ ಸೇವಾಮಂಡಳವನ್ನು ಕಟ್ಟಿದರು. ನೊಗಕ್ಕೆ ಕೊರಳೊಡ್ಡುವ ಮೊದಲು ಹೋರಿಯನ್ನು ಪಳಗಿಸುವಂತೆ, ದೇಶಸೇವೆಗೆ ಬರುವವರೂ ಮೊದಲು ಪಳಗಬೇಕೆಂಬುದು ಅವರ ನಿಶ್ಚಯವಾಗಿತ್ತು. ಹೊತ್ತಿಗೆ ಸರಿಯಾಗಿ ಬರುವುದು, ಸಾಲಿನಲ್ಲಿ ನಿಲ್ಲುವುದು, ಹೇಳಿದ ಕೆಲಸವನ್ನು ಗೊಣಗದೆ ಮಾಡುವುದು, ಮಾಡಿದ ಕೆಲಸವನ್ನು ವರದಿ ಮಾಡುವುದು ಇವು ನೋಡುವುದಕ್ಕೆ ಸಣ್ಣ ಸಂಗತಿಗಳು. ಆದರೆ ಅಧಿಕಾರದ ಬಲವಿಲ್ಲದೆ, ಸಂಬಳದ ಆಸೆಯಿಲ್ಲದೆ, ಸ್ವಂತ ಮನಸ್ಸಿನಿಂದಲೇ ಇವನ್ನು ಪಾಲಿಸುವವರು ಹತ್ತು ಜನ ಒಂದೂರಿನಲ್ಲಿದ್ದರೆ ಆ ಊರಿನ ಚಹರೆಯೇ ಬದಲಾಗುತ್ತದೆ.

ಈ ಶಿಕ್ಷಣದ ಪರೀಕ್ಷೆ ಬೇಗನೆ ಬಂದಿತು. 1923ರಲ್ಲಿ ನಾಗಪುರದಲ್ಲಿ ರಾಷ್ಟ್ರಧ್ವಜವನ್ನು ಹಿಡಿದು ಮೆರವಣಿಗೆ ಹೋಗುವುದನ್ನು ಸರಕಾರ ತಡೆದಾಗ ಧ್ವಜ ಸತ್ಯಾಗ್ರಹ ಆರಂಭವಾಯಿತು. ದೇಶದ ನಾನಾ ಭಾಗಗಳಿಂದ ಸತ್ಯಾಗ್ರಹಿಗಳು ಅಲ್ಲಿಗೆ ಹೋದರು. ಬಂಧಿತರಾದವರ ಸಂಖ್ಯೆ ಸಾವಿರವನ್ನು ಮೀರಿತು. ಹರ್ಡೀಕರರೂ ತಮ್ಮ ಹುಬ್ಬಳ್ಳಿಯ ಸಂಗಡಿಗರೊಡನೆ ಹೋಗಿ ಸೆರೆಮನೆಯನ್ನು ಸೇರಿದರು. ಸೆರೆಮನೆಯ ಕಷ್ಟ ಕಠೋರವಾಗಿತ್ತು. ಅದನ್ನು ತಾಳಲಾರದೆ ಕೆಲವರು ಕ್ಷಮಾಪಣೆಯನ್ನು ಬರೆದುಕೊಟ್ಟು ಹೊರಬಂದರು. ಅವರನ್ನು ಹಳಿಯುವುದು ಸುಲಭ. ಆದರೆ ಉತ್ಸಾಹವೊಂದನ್ನೇ ನಂಬಿ ಶಿಕ್ಷಣವಿಲ್ಲದೆ ಬಂದವರಿಗೆ ಹಾಗಾಗುವುದು ಸಹಜ. ಹುಬ್ಬಳ್ಳಿಯ ತಂಡವಾದರೋ ಬಾಗಲಿಲ್ಲ. ಅದರ ಧೈರ್ಯ ಮತ್ತು ಶಿಸ್ತು ದೇಶದ ನಾಯಕರ ಕಣ್ಣಿಗೆ ಬಿದ್ದವು. ಒಂದು ಊರಿನ ಪುಟ್ಟ ಮಂಡಳವು ಸಾಧಿಸಿದ್ದನ್ನು ಇಡಿಯ ದೇಶ ಏಕೆ ಸಾಧಿಸಬಾರದು ಎಂಬ ಆಲೋಚನೆ ಅಲ್ಲಿಂದ ಬೆಳೆಯಿತು.

ಆ ವರ್ಷದ ರಾಜಕೀಯ ಸನ್ನಿವೇಶವನ್ನು ಇಲ್ಲಿ ನೆನೆಯಬೇಕು. ಕಾಂಗ್ರೆಸ್ಸಿನಲ್ಲಿ ಎರಡು ಪಕ್ಷಗಳಾಗಿದ್ದವು. ಚಿತ್ತರಂಜನ ದಾಸ ಮತ್ತು ಮೋತೀಲಾಲ ನೆಹರೂ ಅವರ ಸ್ವರಾಜ್ಯ ಪಕ್ಷವು ಚುನಾವಣೆಗೆ ನಿಂತು, ಶಾಸನಸಭೆಗಳನ್ನು ಹೊಕ್ಕು, ಒಳಗಿನಿಂದಲೇ ಸರಕಾರವನ್ನು ಎದುರಿಸಬೇಕೆಂದಿತು. ಇನ್ನೊಂದು ಪಕ್ಷವು ಶಾಸನಸಭೆಗಳ ಬಹಿಷ್ಕಾರವನ್ನು ಬಿಡದೆ ಖಾದಿ, ಅಸ್ಪೃಶ್ಯತಾ ನಿವಾರಣೆ, ರಾಷ್ಟ್ರೀಯ ಶಿಕ್ಷಣಗಳ ರಚನಾತ್ಮಕ ಕಾರ್ಯವನ್ನೇ ಹಿಡಿಯಬೇಕೆಂದಿತು. ಆಗಿನ ಚುನಾವಣೆಯೆಂದರೆ ಇಂದಿನಂತೆ ಎಲ್ಲರ ಹಕ್ಕಾಗಿರಲಿಲ್ಲ. 1919ರ ಕಾಯದೆಯ ಪ್ರಕಾರ ಆಸ್ತಿ, ಕಂದಾಯ, ತೆರಿಗೆಗಳ ಆಧಾರದ ಮೇಲೆ ಕೆಲವರಿಗೆ ಮಾತ್ರ ಮತಾಧಿಕಾರವಿತ್ತು. ಕೂಲಿಕಾರ, ಸಣ್ಣ ಗೇಣಿದಾರ, ಬಹುಪಾಲು ಸ್ತ್ರೀಯರು ಯಾವ ಮತದಾರರ ಯಾದಿಯಲ್ಲಿಯೂ ಇರಲಿಲ್ಲ. ಮತ ಕೇಳಲು ಹೊರಟವನು ಇವರ ಮನೆಯ ಬಾಗಿಲಿಗೆ ಹೋಗಬೇಕಾದ ಪ್ರಮೇಯವೇ ಇರಲಿಲ್ಲ. ಹರ್ಡೀಕರರ ದಾರಿ ಸಾಗಿದ್ದು ಈ ಬಾಗಿಲುಗಳ ಕಡೆಗೆ. ಮತವಿಲ್ಲದವನಿಗೂ ಎರಡು ಕೈಗಳಿವೆ, ಆ ಕೈಗಳಿಗೆ ದೇಶದಲ್ಲಿ ಒಂದು ಕೆಲಸವಿದೆ ಎಂಬುದು ಅವರ ಸಂಘಟನೆಯ ತಿರುಳು.

1923ರ ಡಿಸೆಂಬರಿನಲ್ಲಿ ಆಂಧ್ರದ ಕಾಕಿನಾಡದಲ್ಲಿ ಮೌಲಾನಾ ಮಹಮದಾಲಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಅಖಿಲ ಭಾರತ ಮಟ್ಟದ ಸ್ವಯಂಸೇವಕ ಸಂಸ್ಥೆಯೊಂದನ್ನು ಸ್ಥಾಪಿಸಲಾಯಿತು. ಮೊದಲು ಹಿಂದುಸ್ತಾನಿ ಸೇವಾಮಂಡಳವೆಂದೂ ಅನಂತರ ಹಿಂದುಸ್ತಾನಿ ಸೇವಾದಳವೆಂದೂ ಅದು ಹೆಸರಾಯಿತು. ಪಂಡಿತ ಜವಾಹರಲಾಲ ನೆಹರೂ ಅದರ ಮೊದಲ ಅಧ್ಯಕ್ಷರಾದರು. ಅದರ ಪ್ರಾಣವಾಗಿದ್ದವರು ಹರ್ಡೀಕರರು. ದೇಶವ್ಯಾಪಿ ಸಂಸ್ಥೆಯ ಕೇಂದ್ರವು ದಿಲ್ಲಿ, ಮುಂಬಯಿಗಳನ್ನು ಬಿಟ್ಟು ಹುಬ್ಬಳ್ಳಿಯಂತಹ ಊರಿನಲ್ಲಿ ನೆಲೆಗೊಂಡದ್ದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಇಲ್ಲಿಂದಲೇ ‘ವಾಲಂಟಿಯರ್’ ಎಂಬ ಪತ್ರಿಕೆಯನ್ನು ಹರ್ಡೀಕರರು ಹೊರಡಿಸಿ, ನಾನಾ ಪ್ರಾಂತಗಳ ಸ್ವಯಂಸೇವಕರನ್ನು ಒಂದು ಸೂತ್ರದಲ್ಲಿ ಪೋಣಿಸಿದರು.

ದಳದ ಶಿಕ್ಷಣಕ್ರಮವು ದೇಹ, ಮನಸ್ಸು, ಕೈ ಈ ಮೂರನ್ನೂ ಬಳಸಿಕೊಳ್ಳುವಂತಹದು. ಕವಾಯತು ಮತ್ತು ಅಂಗಸಾಧನೆಯಿಂದ ದೇಹಕ್ಕೆ ಬಲ. ಪ್ರಥಮ ಚಿಕಿತ್ಸೆ, ನೈರ್ಮಲ್ಯ, ಜನಸಂದಣಿಯ ನಿಯಂತ್ರಣಗಳಿಂದ ಕಾರ್ಯಕೌಶಲ. ನೂಲುವಿಕೆ ಮತ್ತು ಖಾದಿಯಿಂದ ಸ್ವಾವಲಂಬನೆ. ಒಟ್ಟಿಗೆ ಇದ್ದು ಒಟ್ಟಿಗೆ ಉಣ್ಣುವ ಶಿಬಿರಗಳಿಂದ ಜಾತಿಮತಗಳ ಭೇದದ ಸಡಿಲಿಕೆ. ಉಪನ್ಯಾಸದಿಂದ ಆಗದ ಎಷ್ಟೋ ಕೆಲಸಗಳು ಒಂದು ಪಂಕ್ತಿಯ ಊಟದಿಂದ ಆಗುತ್ತವೆಂಬುದನ್ನು ಶರಣರ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಯಕ ಮತ್ತು ದಾಸೋಹಗಳೆಂದು ನಮ್ಮ ಪರಂಪರೆ ಯಾವುದನ್ನು ಕರೆಯಿತೋ ಅದಕ್ಕೆ ಸಮೀಪವಾದುದನ್ನೇ ದಳವು ಆಧುನಿಕ ಶಿಸ್ತಿನ ಉಡುಗೆಯಲ್ಲಿ ರೂಢಿಸಿತೆನ್ನಬಹುದು.

ದಳವು ಪ್ರಚುರಪಡಿಸಿದ ಆಚರಣೆಗಳಲ್ಲಿ ಪ್ರತಿ ತಿಂಗಳ ಕೊನೆಯ ರವಿವಾರದ ಧ್ವಜವಂದನೆ ವಿಶೇಷವಾದುದು. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಊರೂರುಗಳಲ್ಲಿ ಧ್ವಜವನ್ನೇರಿಸಿ ಜನ ಕೂಡಿ ನಿಲ್ಲುತ್ತಿದ್ದರು. ಚಳವಳಿ ಇರಲಿ ಇಲ್ಲದಿರಲಿ, ನಾಯಕರು ಬರಲಿ ಬಾರದಿರಲಿ, ತಿಂಗಳಿಗೊಮ್ಮೆ ಕೂಡುವುದು ತಪ್ಪಲಾಗದು. ಎಲ್ಲೋ ದೂರದಲ್ಲಿರುವ ತಮ್ಮಂತಹ ಜನರೂ ಇದೇ ಹೊತ್ತಿಗೆ ನಿಂತಿದ್ದಾರೆಂಬ ಭಾವನೆಯೇ ಹಳ್ಳಿಯವನನ್ನು ದೇಶದವನನ್ನಾಗಿ ಮಾಡುವಂತಹದು. ಮಠಗಳಲ್ಲಿ ಅಮಾವಾಸ್ಯೆಯ ಅನುಭಾವಗೋಷ್ಠಿಗೆ ಭಕ್ತರು ಕರೆಯಿಲ್ಲದೆ ಬಂದು ಸೇರುವಂತೆ, ನಿಯಮಿತವಾದ ಕೂಡುವಿಕೆ ಸಂಘಜೀವನದ ಉಸಿರೆಂಬುದನ್ನು ಹರ್ಡೀಕರರು ಬಲ್ಲವರಾಗಿದ್ದರು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದ ಅಧಿವೇಶನ ದಳಕ್ಕೆ ಮೊದಲ ದೊಡ್ಡ ಹೊಣೆಯಾಯಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವದು. ಕರ್ನಾಟಕ ಸಿಂಹ ಗಂಗಾಧರರಾವ ದೇಶಪಾಂಡೆಯವರು ಅದರ ವ್ಯವಸ್ಥೆಯ ಭಾರವನ್ನು ಹೊತ್ತಿದ್ದರು. ಸ್ವಯಂಸೇವಕರ ಶಿಕ್ಷಣ ಮತ್ತು ಮುಂದಾಳುತನ ಹರ್ಡೀಕರರದಾಯಿತು. ದೇಶದ ಮೂಲೆಮೂಲೆಗಳಿಂದ ಬಂದ ಸಾವಿರಾರು ಜನರಿಗೆ ವಸತಿ, ನೀರು, ಊಟ, ದಾರಿ ತೋರುವಿಕೆ, ಆರೈಕೆ ಇವೆಲ್ಲವನ್ನೂ ಸುಸೂತ್ರವಾಗಿ ನಡೆಸುವುದು ಅಲ್ಪ ಕಾರ್ಯವಲ್ಲ. ಅದಕ್ಕಿಂತಲೂ ಮಿಗಿಲಾದುದು ಶೌಚದ ವ್ಯವಸ್ಥೆ. ಆ ಕೆಲಸವನ್ನು ಒಂದು ಜಾತಿಯವರ ತಲೆಗೆ ಕಟ್ಟಿ ಉಳಿದವರು ಮೂಗು ಮುಚ್ಚಿಕೊಂಡು ದೂರ ನಿಲ್ಲುತ್ತಿದ್ದ ಕಾಲದಲ್ಲಿ, ಕಾಕಾ ಕಾಲೇಲಕರರ ಮುಂದಾಳುತನದಲ್ಲಿ ಮೇಲ್ಜಾತಿಯ ಸ್ವಯಂಸೇವಕರೂ ಪೊರಕೆಯನ್ನು ಹಿಡಿದರು. ಸಭಾಮಂಟಪದಲ್ಲಿ ಅಂಗೀಕೃತವಾದ ಗೊತ್ತುವಳಿಗಳಲ್ಲಿ ಎಷ್ಟೋ ಇಂದು ಮರೆತುಹೋಗಿವೆ. ಮಂಟಪದ ಹಿಂಬದಿಯಲ್ಲಿ ಮಾತಿಲ್ಲದೆ ನಡೆದ ಈ ಕೆಲಸದ ನೆನಪು ಇನ್ನೂ ಉಳಿದಿದೆ.

ಬೆಳಗಾವಿಯ ಇನ್ನೊಂದು ಸಾಧನೆ ಸ್ತ್ರೀ ಸೇವಿಕೆಯರ ಸಂಘಟನೆ. ಇದರ ಕೀರ್ತಿ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರಿಗೆ ಸಲ್ಲಬೇಕು. 1892ರಲ್ಲಿ ಜನಿಸಿ, ಎಳೆಯ ವಯಸ್ಸಿನಲ್ಲಿಯೇ ವೈಧವ್ಯವನ್ನು ಕಂಡ ಆ ಸಾಧ್ವಿಯು ಮಾವನವರಾದ ಆನಂದರಾಯರ ಪ್ರೋತ್ಸಾಹದಿಂದ ಹುಬ್ಬಳ್ಳಿಯಲ್ಲಿ ಭಗಿನೀ ಮಂಡಳವನ್ನು ನಡೆಸಿ, ಸ್ತ್ರೀಶಿಕ್ಷಣಕ್ಕೆ ದುಡಿಯುತ್ತಿದ್ದರು. ಹರ್ಡೀಕರರು ಅವರಲ್ಲಿದ್ದ ನಾಯಕತ್ವವನ್ನು ಗುರುತಿಸಿ ದಳದ ಮಹಿಳಾ ವಿಭಾಗದ ಹೊಣೆಯನ್ನು ಒಪ್ಪಿಸಿದರು. ಉಮಾಬಾಯಿಯವರು ಮನೆಮನೆಗೆ ಹೋದರು. ಹೊಸ್ತಿಲು ದಾಟದ ಗೃಹಿಣಿಯರನ್ನು, ಶುಭಕಾರ್ಯಗಳಿಂದ ದೂರವಿಡಲ್ಪಟ್ಟ ವಿಧವೆಯರನ್ನು ಕಂಡು ಮಾತನಾಡಿ, ಅವರ ಹಿರಿಯರನ್ನು ಒಪ್ಪಿಸಿ, ನೂರೈವತ್ತಕ್ಕೂ ಹೆಚ್ಚು ಸೇವಿಕೆಯರನ್ನು ಬೆಳಗಾವಿಗೆ ಕರೆತಂದರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅವರೂ ದಳದಲ್ಲಿ ಸೇರಿ ಸ್ತ್ರೀಯರ ಶಿಕ್ಷಣದಲ್ಲಿ ದುಡಿದರು. ಕುಟುಂಬದಲ್ಲಿ ಅಪಶಕುನವೆನಿಸಿಕೊಂಡ ಒಬ್ಬ ಹೆಣ್ಣುಮಗಳು ಸಾವಿರಾರು ಜನರ ನಡುವೆ ದಾರಿ ತೋರುತ್ತ, ನೀರು ನೀಡುತ್ತ, ಎಲ್ಲರಿಂದಲೂ ಸಹೋದರಿಯೆಂದು ಗೌರವಿಸಲ್ಪಟ್ಟಳೆಂದರೆ ಆಕೆಯ ಬಾಳಿನಲ್ಲಿ ಅದೆಂತಹ ಬೆಳಕು ಮೂಡಿರಬೇಕು! ಶಿಬಿರದಿಂದ ಮರಳಿದ ಮೇಲೆ ಅವಳನ್ನು ಮತ್ತೆ ಅದೇ ಕತ್ತಲೆಯ ಕೋಣೆಗೆ ದೂಡುವುದು ಯಾರಿಂದಲೂ ಸುಲಭಸಾಧ್ಯವಾಗಿರಲಿಲ್ಲ.

ಹರ್ಡೀಕರರ ಹಾದಿ ಹೂವಿನ ಹಾಸಿಗೆಯಾಗಿರಲಿಲ್ಲ. ಸರಕಾರದ ಕೆಂಗಣ್ಣು ಒಂದೆಡೆಗಾದರೆ ಸ್ವಪಕ್ಷದವರ ಶಂಕೆ ಇನ್ನೊಂದೆಡೆಗೆ. ಸಮವಸ್ತ್ರ ತೊಟ್ಟು, ಸಾಲಾಗಿ ನಿಂತು, ಆಜ್ಞೆಗೆ ಹೆಜ್ಜೆ ಹಾಕುವ ದಳವು ಸೇನೆಯ ನೆರಳಲ್ಲವೇ, ಅಹಿಂಸೆಯ ತತ್ತ್ವಕ್ಕೆ ಇದು ಹೊಂದುವುದೇ ಎಂದು ಕೆಲವರು ಸಂಶಯಪಟ್ಟರು. ಕಾಂಗ್ರೆಸ್ ಸಮಿತಿಗಳಿರುವಾಗ ಪ್ರತ್ಯೇಕವಾದ ದಳವೇಕೆ, ನಾಳೆ ಇದು ಹಿರಿಯರ ಮಾತನ್ನೇ ಮೀರಿದರೆ ಗತಿಯೇನು ಎಂದು ಮತ್ತೆ ಕೆಲವರು ಅಳುಕಿದರು. ಈ ಸಂಶಯಗಳು ನಿರಾಧಾರವೆಂದು ತಳ್ಳಿಹಾಕುವಂತಹವಲ್ಲ. ಪರದೇಶಗಳಲ್ಲಿ ಸಮವಸ್ತ್ರದ ದಳಗಳು ದ್ವೇಷದ ಉಪಕರಣಗಳಾದ ಉದಾಹರಣೆಗಳು ಅದೇ ಕಾಲದಲ್ಲಿ ಕಣ್ಣಮುಂದಿದ್ದವು. ಹರ್ಡೀಕರರು ವಾದದಲ್ಲಿ ಕಾಲ ಕಳೆಯದೆ ಕಾರ್ಯದಿಂದಲೇ ಸಮಾಧಾನ ಹೇಳಿದರು. ಶಿಸ್ತಿಲ್ಲದ ಗುಂಪಿನಲ್ಲಿಯೇ ಹಿಂಸೆಗೆ ಅವಕಾಶ ಹೆಚ್ಚು. ತನ್ನನ್ನು ತಾನು ಹತೋಟಿಯಲ್ಲಿಟ್ಟುಕೊಂಡವನು ಮಾತ್ರ ಪೆಟ್ಟು ತಿಂದರೂ ಕೈ ಎತ್ತದಿರಬಲ್ಲನೆಂಬುದು ಅವರ ನಿಲುವಾಗಿತ್ತು. 1931ರಲ್ಲಿ ಕಾಂಗ್ರೆಸ್ ಕಾರ್ಯಸಮಿತಿಯು ದಳವನ್ನೇ ತನ್ನ ಅಧಿಕೃತ ಸ್ವಯಂಸೇವಕ ಅಂಗವನ್ನಾಗಿ ಅಂಗೀಕರಿಸಿದಾಗ ಎಂಟು ವರ್ಷಗಳ ಈ ಸಹನೆಗೆ ಮನ್ನಣೆ ದೊರೆಯಿತು.

ಆ ವೇಳೆಗೆ ಉಪ್ಪಿನ ಸತ್ಯಾಗ್ರಹ ನಡೆದುಹೋಗಿತ್ತು. 1930ರಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಕನ್ನಡಿಗರು ಉಪ್ಪನ್ನು ಮಾಡಿ ಕಾನೂನನ್ನು ಮುರಿದರು. ಅಂಕೋಲೆ, ಸಿದ್ದಾಪುರಗಳ ರೈತರು ಕರನಿರಾಕರಣೆಯಲ್ಲಿ ಹೊಲಮನೆಗಳನ್ನೇ ಕಳೆದುಕೊಂಡರು. ಇಂತಹ ಹೋರಾಟಗಳು ಒಂದು ದಿನದ ಭಾಷಣದಿಂದ ಹುಟ್ಟುವಂತಹವಲ್ಲ. ನೆರೆಯವನು ಕೈಬಿಡಲಾರನೆಂಬ ನಂಬಿಕೆ ಊರಿನಲ್ಲಿ ಬೇರೂರಿದ್ದಲ್ಲದೆ ರೈತನು ತನ್ನ ಭೂಮಿಯನ್ನು ಪಣಕ್ಕೊಡ್ಡಲಾರನು. ಕನ್ನಡ ನಾಡಿನಲ್ಲಿ ಆ ನಂಬಿಕೆಯನ್ನು ಬೆಳೆಸಿದ ಹಲವಾರು ಹಿರಿಯರ ಸಾಲಿನಲ್ಲಿ ಹರ್ಡೀಕರರಿಗೂ ಅವರ ದಳಕ್ಕೂ ಗೌರವದ ಸ್ಥಾನವುಂಟು.

1932ರಲ್ಲಿ ಸರಕಾರ ಕಾಂಗ್ರೆಸ್ಸಿನೊಡನೆ ಸೇವಾದಳವನ್ನೂ ಕಾನೂನುಬಾಹಿರವೆಂದು ಘೋಷಿಸಿತು. ಹುಬ್ಬಳ್ಳಿಯಲ್ಲಿ ಉಮಾಬಾಯಿಯವರು ಬಂಧಿತರಾಗಿ ಯೆರವಡಾ ಸೆರೆಮನೆಯನ್ನು ಸೇರಿದರು. ಅವರ ಶಾಲೆಗೆ ಬೀಗಮುದ್ರೆ ಬಿದ್ದಿತು, ಮನೆತನದ ಮುದ್ರಣಾಲಯ ಸರಕಾರದ ವಶವಾಯಿತು. 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧವನ್ನು ತೆಗೆದಾಗಲೂ ಸೇವಾದಳದ ಮೇಲಿನ ನಿಷೇಧ ಮುಂದುವರಿಯಿತು. ಇದರಲ್ಲಿ ಗಮನಿಸಬೇಕಾದ ಮರ್ಮವೊಂದಿದೆ. ಭಾಷಣಗಳಿಗಿಂತಲೂ ಚುನಾವಣೆಗಳಿಗಿಂತಲೂ ಆಳುವವರು ಹೆಚ್ಚು ಅಂಜಿದ್ದು ಊರೂರುಗಳಲ್ಲಿ ಶಿಸ್ತಿನಿಂದ ಕೂಡಿ ದುಡಿಯುವ ಸಾಮಾನ್ಯ ಜನರಿಗೆ. ಆದರೆ ಹೆಸರನ್ನು ನಿಷೇಧಿಸಿದರೇನಾಯಿತು? ಕಲಿತ ಕೈಗಳನ್ನು ಯಾವ ಆಜ್ಞೆಯೂ ನಿಷೇಧಿಸಲಾರದು. ಅದೇ ವರ್ಷ ಬಿಹಾರದಲ್ಲಿ ಭೀಕರ ಭೂಕಂಪವಾದಾಗ ಉಮಾಬಾಯಿಯವರು ಸ್ವಯಂಸೇವಕರೊಡನೆ ಅಲ್ಲಿಗೆ ಧಾವಿಸಿ ನಿರಾಶ್ರಿತರ ಸೇವೆ ಮಾಡಿದರು.

ಹರ್ಡೀಕರರಲ್ಲಿದ್ದ ವೈದ್ಯನು ಈ ಹೋರಾಟದ ನಡುವೆ ಮರೆಯಾಗಿರಲಿಲ್ಲ. ಡಾ. ಕೊಕಟನೂರ ಮೊದಲಾದ ಸಮಾನಮನಸ್ಕ ವೈದ್ಯರೊಡನೆ ಕೂಡಿ 1929ರಲ್ಲಿ ಬೆಳಗಾವಿ ಜಿಲ್ಲೆಯ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಸ್ಥಾಪಿಸಿದರು. ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೋಗಲಾರದ ಗ್ರಾಮೀಣರಿಗೆ ಆ ಧಾಮವು ಆಸರೆಯಾಯಿತು. ಸೇವಾದಳದ ತರಬೇತಿಗೂ ಘಟಪ್ರಭೆ ನೆಲೆಯಾಯಿತು. ಆರೋಗ್ಯ ಮತ್ತು ಸಂಘಟನೆ ಅವರ ದೃಷ್ಟಿಯಲ್ಲಿ ಬೇರೆ ಬೇರೆಯಾಗಿರಲಿಲ್ಲವೆಂಬುದಕ್ಕೆ ಈ ಸ್ಥಳವೇ ಸಾಕ್ಷಿ.

1947ರಲ್ಲಿ ದೇಶ ಸ್ವತಂತ್ರವಾಯಿತು. ಇದುವರೆಗೆ ಸೆರೆಮನೆಗೆ ಒಯ್ಯುತ್ತಿದ್ದ ದಾರಿ ಈಗ ಅಧಿಕಾರದ ಕಡೆಗೆ ತಿರುಗಿತು. ಈ ತಿರುವಿನ ಅಪಾಯವನ್ನು ಎಲ್ಲರಿಗಿಂತ ಮೊದಲು ಕಂಡವರು ಮಹಾತ್ಮರು. 1948ರ ಜನವರಿ 29ರಂದು, ಹುತಾತ್ಮರಾಗುವ ಮುನ್ನಾದಿನ, ಅವರು ಸಿದ್ಧಪಡಿಸಿದ ಕರಡಿನಲ್ಲಿ ಕಾಂಗ್ರೆಸ್ ಸಂಸ್ಥೆಯನ್ನು ವಿಸರ್ಜಿಸಿ ಲೋಕಸೇವಕ ಸಂಘವನ್ನಾಗಿ ಅರಳಿಸುವ ಸೂಚನೆಯಿತ್ತು. ಹಳ್ಳಿಯ ಐವರು ವಯಸ್ಕರು ಸೇರಿ ಒಂದು ಘಟಕ. ಅಂತಹ ಎರಡು ಘಟಕಗಳಿಗೆ ಒಬ್ಬ ಮುಂದಾಳು. ನೂರು ಘಟಕಗಳ ಮುಂದಾಳುಗಳು ಸೇರಿ ತಮ್ಮೊಳಗಿಂದ ಒಬ್ಬ ಹಿರಿಯನನ್ನು ಆರಿಸುವುದು. ಹೀಗೆ ಬುಡದಿಂದ ಮೇಲಕ್ಕೆ ಸಂಘಟನೆ ಬೆಳೆಯಬೇಕೆಂಬುದು ಅದರ ಸ್ವರೂಪ. ಸೇವಕನು ತನ್ನ ವ್ಯಾಪ್ತಿಯ ಪ್ರತಿಯೊಬ್ಬ ಗ್ರಾಮಸ್ಥನೊಡನೆ ಸಂಪರ್ಕವಿಟ್ಟುಕೊಳ್ಳಬೇಕು, ನಿತ್ಯದ ಕೆಲಸವನ್ನು ಬರೆದಿಡಬೇಕು. ಮತದಾರರ ಯಾದಿಯಲ್ಲಿ ಜನರ ಹೆಸರುಗಳು ಸೇರಿವೆಯೇ ಎಂದು ನೋಡುವುದೂ ಅವನ ಹಲವು ಕರ್ತವ್ಯಗಳಲ್ಲಿ ಒಂದಾಗಿತ್ತು; ಒಂದು ಮಾತ್ರವಾಗಿತ್ತು. ಆ ಕರಡು ಕಾರ್ಯರೂಪಕ್ಕೆ ಬರಲಿಲ್ಲ. ಸಂಸ್ಥೆಯು ರಾಜಕೀಯ ಪಕ್ಷವಾಗಿಯೇ ಮುಂದುವರಿದು ಚುನಾವಣೆಗಳನ್ನು ಗೆದ್ದಿತು, ಸೋತಿತು.

ಸೇವಾದಳವೂ ಈ ಪರಿವರ್ತನೆಯ ಗಾಳಿಯಿಂದ ಹೊರಗುಳಿಯಲಿಲ್ಲ. ಸ್ವಾತಂತ್ರ್ಯಾನಂತರ ಅನೇಕ ಕಡೆಗಳಲ್ಲಿ ಅದರ ಕಾರ್ಯ ಸಭೆಸಮಾರಂಭಗಳಲ್ಲಿ ಗೌರವರಕ್ಷೆ ಸಲ್ಲಿಸುವುದಕ್ಕೂ ನಾಯಕರನ್ನು ಸ್ವಾಗತಿಸುವುದಕ್ಕೂ ಸೀಮಿತವಾಗತೊಡಗಿತು. ಜನರ ಬೆನ್ನಿಗೆ ನಿಲ್ಲಲು ಹುಟ್ಟಿದ ದಳ ವೇದಿಕೆಯ ಬದಿಗೆ ನಿಲ್ಲುವಂತಾದುದು ವಿಷಾದದ ಸಂಗತಿಯೇ ಸರಿ. ಸಂಸ್ಥೆಯ ಸ್ಥಾಪಕನಿಗೆ ಬರುವ ಕಠಿಣ ಪರೀಕ್ಷೆಗಳಲ್ಲಿ ಇದೂ ಒಂದು. ಶತ್ರುವಿನ ನಿಷೇಧವನ್ನು ಎದುರಿಸಬಹುದು; ಮಿತ್ರರ ಗೆಲುವಿನಲ್ಲಿ ಸಂಸ್ಥೆಯ ಉದ್ದೇಶ ಕರಗಿಹೋಗುವುದನ್ನು ಎದುರಿಸುವುದು ಕಷ್ಟ. 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದಾಗಲೂ, 1958ರಲ್ಲಿ ರಾಷ್ಟ್ರವು ಪದ್ಮಭೂಷಣವನ್ನಿತ್ತು ಗೌರವಿಸಿದಾಗಲೂ ಹರ್ಡೀಕರರ ಹೆಸರಿನೊಡನೆ ಜನ ಸೇರಿಸಿ ನೆನೆದದ್ದು ಪದವಿಗಳನ್ನಲ್ಲ, ಸೇವಾದಳವನ್ನು.

ಅವರು ಬಿತ್ತಿದ ಬೀಜ ಎಲ್ಲಿ ಮೊಳೆಯಿತೆಂಬುದಕ್ಕೆ ಒಂದು ನಿದರ್ಶನ ಸಾಕು. ಬೆಂಗಳೂರಿನಲ್ಲಿ 1929ರಲ್ಲಿ ಜನಿಸಿದ ಎಸ್. ಎನ್. ಸುಬ್ಬರಾವ್ ಎಂಬ ತರುಣನ ಉತ್ಸಾಹವನ್ನು ಗುರುತಿಸಿ ಹರ್ಡೀಕರರು ಅವನನ್ನು ದಿಲ್ಲಿಗೆ ಸೇವಾದಳದ ಕಾರ್ಯಕ್ಕೆ ಕರೆಸಿಕೊಂಡರು. ಆ ತರುಣನೇ ಮುಂದೆ ದೇಶದ ಯುವಜನರಿಗೆ ‘ಭಾಯೀಜಿ’ ಆದರು. ಚಂಬಲ್ ಕಣಿವೆಯ ಜೌರಾದಲ್ಲಿ ಆಶ್ರಮವನ್ನು ಕಟ್ಟಿ ನೆಲೆಸಿದರು. 1972ರಲ್ಲಿ ಜಯಪ್ರಕಾಶ ನಾರಾಯಣರ ಸಮಕ್ಷಮದಲ್ಲಿ ಅಲ್ಲಿಯ ದರೋಡೆಕೋರರು ಗುಂಪುಗುಂಪಾಗಿ ಆಯುಧಗಳನ್ನು ಕೆಳಗಿಟ್ಟ ಪ್ರಸಂಗದ ಹಿಂದೆ ಈ ಕನ್ನಡಿಗನ ಹಲವು ವರ್ಷಗಳ ಮೌನ ದುಡಿಮೆಯಿತ್ತು. 2021ರಲ್ಲಿ ಕಣ್ಮುಚ್ಚುವವರೆಗೂ ಅವರು ಶಿಬಿರಗಳನ್ನು ನಡೆಸುತ್ತಲೇ ಇದ್ದರು. ಉಮಾಬಾಯಿಯವರೂ ಕಸ್ತೂರಬಾ ಸ್ಮಾರಕ ನಿಧಿಯ ಕಾರ್ಯದ ಮೂಲಕ ಹಳ್ಳಿಯ ಹೆಣ್ಣುಮಕ್ಕಳ ಸೇವೆಯಲ್ಲಿ ತೊಡಗಿ, 1992ರವರೆಗೆ ಬಾಳಿದರು. ಪಕ್ಷದ ಯಾದಿಯಲ್ಲಿ ಲೆಕ್ಕಕ್ಕೆ ಸಿಗದ ಇಂತಹ ಬಾಳುಗಳೇ ಹರ್ಡೀಕರರ ನಿಜವಾದ ಗಳಿಕೆ.

1975ರ ಆಗಸ್ಟ್ 26ರಂದು, ಎಂಬತ್ತಾರು ವರ್ಷಗಳ ತುಂಬುಜೀವನವನ್ನು ನಡೆಸಿ ಹರ್ಡೀಕರರು ಕಣ್ಮರೆಯಾದರು. ಅವರ ಜನ್ಮಶತಾಬ್ದಿಯ ವರ್ಷವಾದ 1989ರಲ್ಲಿ ಭಾರತ ಸರಕಾರವು ಅಂಚೆಚೀಟಿಯೊಂದನ್ನು ಹೊರತಂದು ಅವರನ್ನು ಸ್ಮರಿಸಿತು. 

ವಿದ್ಯಾಸಂಸ್ಥೆಗಳನ್ನು ಕಟ್ಟಿದವರಿಗೂ ಅವುಗಳಲ್ಲಿ ಕಲಿತವರಿಗೂ ಈ ಚರಿತ್ರೆಯಲ್ಲಿ ಅರಿತುಕೊಳ್ಳಬೇಕಾದುದು ಬಹಳವಿದೆ. ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ವಿದ್ಯಾರ್ಥಿಗೆ ಆ ಅನ್ನವು ಯಾವ ಋಣಪತ್ರವನ್ನೂ ಬರೆಸಿಕೊಳ್ಳದೆ ಬಂದದ್ದು. ಹಳ್ಳಿಹಳ್ಳಿಗೆ ತಿರುಗಿ ಜೋಳಿಗೆ ಹಿಡಿದ ಸ್ವಾಮಿಗಳೂ, ಒಂದು ಸೇರು ಜೋಳವನ್ನು ನೀಡಿದ ಒಕ್ಕಲಿಗಿತ್ತಿಯೂ, ಅಲ್ಪ ಸಂಬಳಕ್ಕೆ ದುಡಿದ ಶಿಕ್ಷಕರೂ ಆ ಅನ್ನದ ಹಿಂದಿದ್ದಾರೆ. ಅವರಾರೂ ಪ್ರತಿಫಲವನ್ನು ಕೇಳಲಿಲ್ಲ. ಅಂತಹ ಅನ್ನವನ್ನುಂಡವರು ಊರಿಗೆ ಮರಳಿದಾಗ ಐದು ವರ್ಷಕ್ಕೊಮ್ಮೆ ಮತ ಹಾಕಿದ ಮಾತ್ರಕ್ಕೆ ನಾಗರಿಕಧರ್ಮ ತೀರಿತೆಂದು ತಿಳಿಯಲಾಗದು. ಮತ ಹಾಕುವುದು ಪವಿತ್ರವಾದ ಕರ್ತವ್ಯ, ಅದನ್ನು ತಪ್ಪಿಸಬಾರದು. ಆದರೆ ಎರಡು ಚುನಾವಣೆಗಳ ನಡುವೆ ಸಾವಿರದ ಎಂಟುನೂರಕ್ಕೂ ಹೆಚ್ಚು ದಿನಗಳಿವೆ. ಆ ದಿನಗಳಲ್ಲಿ ಊರಿನ ಕೆರೆಯ ಹೂಳನ್ನು ಎತ್ತುವವರಾರು, ಶಾಲೆ ಬಿಟ್ಟ ಮಗುವಿನ ಮನೆಗೆ ಹೋಗಿ ತಂದೆತಾಯಿಗಳೊಡನೆ ಮಾತನಾಡುವವರಾರು, ಓಣಿಯಲ್ಲಿ ಜಗಳವೆದ್ದಾಗ ನಡುವೆ ನಿಲ್ಲುವವರಾರು ಎಂಬ ಪ್ರಶ್ನೆಗಳಿಗೆ ಉತ್ತರವಿರುವ ಊರಿನಲ್ಲಿ ಪ್ರಜಾಪ್ರಭುತ್ವ ತಾನಾಗಿಯೇ ಗಟ್ಟಿಯಾಗುತ್ತದೆ.

ಹುಬ್ಬಳ್ಳಿಯ ಒಂದು ಓಣಿಯಲ್ಲಿ ಕೆಲವು ತರು‍ಣರನ್ನು ಸಾಲಾಗಿ ನಿಲ್ಲಿಸಿದ ವೈದ್ಯರು ಅಂದು ಯಾವ ಮತವನ್ನೂ ಎಣಿಸಿರಲಿಲ್ಲ. ನಾಳೆ ಬೆಳಗ್ಗೆ ಇದೇ ಹೊತ್ತಿಗೆ ಇವರಲ್ಲಿ ಎಷ್ಟು ಜನ ಮತ್ತೆ ಬರುವರೆಂಬುದೊಂದೇ ಅವರ ಎಣಿಕೆ. ಮರುದಿನವೂ ಬಂದವರಿಂದಲೇ ಸೇವಾದಳ ಬೆಳೆಯಿತು. ಅಂತಹ ಮರುದಿನಕ್ಕೆ ಬರುವವರನ್ನು ಸಿದ್ಧಗೊಳಿಸುವುದೇ ಶಾಲೆಗಳ ಕೆಲಸ. ಆ ಕೆಲಸವು ನಮ್ಮ ನಾಡಿನಲ್ಲಿ ನಿರಂತರವಾಗಿ ಸಾಗುತ್ತಿರಲಿ.